ಹಳೇ ಕಂಪ್ಯೂಟರ್ ಸಂಗ್ರಹ: ಕಾಸರಗೋಡಿನ ಮಳೆಗೆ ಯಾವುದು ತಡೀತದೆ, ಯಾವುದು ತಡೆಯುದಿಲ್ಲ

ಹಳೇ ಕಂಪ್ಯೂಟರ್ ಇಡುವ ಹವ್ಯಾಸ ಶುರು ಮಾಡ್ಬೇಕು ಅಂತ ಇರುವವರು ಮೊದಲು ಕೇಳುದು "ಯಾವ ಮೆಷಿನ್ ತಗೊಳ್ಳುದು" ಅಂತ. ನಮ್ಮ ಕಾಸರಗೋಡು ಕಡೆಯವರಾದ್ರೆ ನಾನು ಹೇಳುದು, ಮೆಷಿನ್ ಆಮೇಲೆ ನೋಡುವ, ಜೂನಿನಿಂದ ಸಪ್ಟೆಂಬರ್‌ವರೆಗೆ ಅದನ್ನು ಎಲ್ಲಿ ಇಡ್ತೀರಿ ಅದನ್ನು ಮೊದಲು ಹೇಳಿ. ಯೂಟ್ಯೂಬಲ್ಲಿ ಸಿಗುವ ಸಲಹೆ ಹೆಚ್ಚಿನದ್ದು ಇಂಗ್ಲೆಂಡ್, ಜರ್ಮನಿ, ಅಮೇರಿಕದವರದ್ದು, ಅಲ್ಲಿ ಮನೆ ಒಳಗೆ ಹೀಟರ್ ಓಡಿ ಗಾಳಿ ಒಣಗಿಕೊಂಡಿರ್ತದೆ, ಅವರು "ಗ್ಯಾರೇಜಲ್ಲಿ ಇಡ್ಬೇಡಿ, ಮನೆ ಒಳಗೆ ಇಡಿ" ಅಂತ ಹೇಳಿದ್ರೆ ಅವರಿಗೆ ಅಷ್ಟು ಸಾಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮನೆ ಒಳಗೇ ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರ್ತದೆ, ಗಾಳಿಯಲ್ಲಿ ತೇವಾಂಶ 80 ಪರ್ಸೆಂಟ್ ದಾಟಿ ದಿನಗಟ್ಟಲೆ ಹಾಗೇ ನಿಲ್ತದೆ. ಕಬ್ಬಿಣ ತುಕ್ಕು ಹಿಡಿಯುದು ಜೋರಾಗ್ಲಿಕ್ಕೆ 60 ದಾಟಿದ್ರೆ ಸಾಕು, ಬೂಷ್ಟಿಗೆ 70 ಸಾಕು. ಹಾಗಾಗಿ ಈ ಬರಹದಲ್ಲಿ ನಾನು ಜಾಗದಿಂದ ಶುರು ಮಾಡಿ, ಆಮೇಲೆ ಮೆಷಿನ್, ಆಮೇಲೆ ರಿಪೇರಿ ಅಂತ ಹೋಗ್ತೇನೆ.

ಎಲ್ಲಿ ಇಡುದು

ನಮ್ಮ ಕಡೆ ಜನ ಹಳೇ ಸಾಮಾನು ಅಂದ್ರೆ ಸೀದಾ ಅಟ್ಟಕ್ಕೆ ಹಾಕುದು. ಹಂಚಿನ ಮನೆಯ ಅಟ್ಟ ಅಡಿಗೆಕೋಣೆಯ ಮೇಲೆ ಇದ್ರೆ ಒಲೆಯ ಹೊಗೆಗೆ ಒರಲೆ, ಜಿರಳೆ ಕಮ್ಮಿ ಇರ್ತದೆ, ಬೂಷ್ಟೂ ಸ್ವಲ್ಪ ಕಮ್ಮಿಯೇ, ಆದ್ರೆ ಆ ಹೊಗೆಯ ಜಿಡ್ಡು ಬೋರ್ಡಿನ ಮೇಲೆ ಕೂತು ಅದರ ಮೇಲೆ ಧೂಳು ಕೂತು ಪಸೆ ಹಿಡ್ಕೊಳ್ಳುವ ಒಂದು ಪದರ ಆಗ್ತದೆ, ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದ್ರೂ ಪೂರ್ತಿ ಹೋಗುದಿಲ್ಲ. ಟೆರೇಸ್ ಮನೆಯ ಮೇಲೆ ಶೀಟು ಹಾಕಿರ್ತೇವಲ್ಲ, ಅಡಿಕೆ ಒಣಗಿಸುವ ಜಾಗ, ಅದು ಇನ್ನೂ ಕಷ್ಟ. ಏಪ್ರಿಲಲ್ಲಿ ಅಲ್ಲಿನ ಬಿಸಿಗೆ ಪ್ಲಾಸ್ಟಿಕ್ ಕೇಸು ಬಗ್ತದೆ, ಜೂನಲ್ಲಿ ಅದೇ ಜಾಗಕ್ಕೆ ಮಳೆಯ ಎರಚಲು ಬರ್ತದೆ. ಈ ಎರಡೂ ಜಾಗ ಬೇಡ ಅಂತಲೇ ಹೇಳುದು ನಾನು, ಖಾಲಿ ಕ್ಯಾಬಿನೆಟ್ ಇಡುದಾದ್ರೆ ಅಡ್ಡಿ ಇಲ್ಲ, ಬೋರ್ಡು ಡ್ರೈವು ಇಡುದು ಬೇಡ.

ಸ್ಟೀಲ್ ಕಪಾಟು ಅದಕ್ಕಿಂತ ಎಷ್ಟೋ ವಾಸಿ, ಹಲ್ಲಿ ಜಿರಳೆ ಒಳಗೆ ಹೋಗುದಿಲ್ಲ, ಬೀಗ ಹಾಕ್ಲಿಕ್ಕೆ ಆಗ್ತದೆ. ಹಲ್ಲಿ ವಿಷಯ ಸಣ್ಣದಲ್ಲ, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಒಳಗೆ ಹಲ್ಲಿ ಹೊಕ್ಕು ಕೂತಿದ್ರೆ, ಆನ್ ಮಾಡಿದ ಕೂಡ್ಲೇ 230 ವೋಲ್ಟಿನ ಎರಡು ಕಾಲುಗಳ ನಡುವೆ ಅದು ಸತ್ತು ಶಾರ್ಟ್ ಆಗಿ ಆ ಸಪ್ಲೈಯೇ ಹೋಗ್ತದೆ. ಆದ್ರೆ ಕಪಾಟು ಪಸೆಯನ್ನು ತಡೆಯುದಿಲ್ಲ, ಗೋಡೆಗೆ ತಾಗಿಸಿ ಇಟ್ರೆ ಮಳೆಗಾಲದಲ್ಲಿ ಗೋಡೆಯ ತಂಪಿಗೆ ಅದರ ಹಿಂಬದಿ ಬೆವರ್ತದೆ ಕೂಡ. ಗೋಡೆಯಿಂದ ಒಂದು ಗೇಣು ಈಚೆ ಇಡಿ, ಕಾಲಿನ ಅಡಿಗೆ ಮರದ ತುಂಡು ಕೊಡಿ.

ಖರ್ಚು ಮತ್ತು ಫಲ ಎರಡೂ ನೋಡಿದ್ರೆ ನನ್ನ ಓಟು ಗಾಳಿಯಾಡದ ಪ್ಲಾಸ್ಟಿಕ್ ಬಾಕ್ಸ್ ಪ್ಲಸ್ ಸಿಲಿಕಾ ಜೆಲ್‌ಗೆ. ಮುಚ್ಚಳದ ಸುತ್ತ ರಬ್ಬರ್ ಬೀಡಿಂಗ್ ಇರುವ, ಕ್ಲಿಪ್ ಹಾಕುವ ಬಾಕ್ಸ್ ಸಿಗ್ತದಲ್ಲ, ಅದು. ಮಜ್ಜಿಗೆ ಮೆಣಸು, ಹಪ್ಪಳ ಎಲ್ಲ ಮಳೆಗಾಲಕ್ಕೆ ಡಬ್ಬದಲ್ಲಿ ಹಾಕಿಡುವ ಹಾಗೇ ಇದೂ, ಬಿಸಿಲು ಜೋರಿರುವಾಗ ಒಣಗಿಸಿ ಹಾಕ್ಬೇಕು. ಜನವರಿ ಫೆಬ್ರವರಿಯ ಒಣ ಮಧ್ಯಾಹ್ನದಲ್ಲಿ ಪ್ಯಾಕ್ ಮಾಡಿದ ಬಾಕ್ಸಿಗೂ ಮಳೆ ಬಂದ ಮೇಲೆ ನೆನಪಾಗಿ ಪ್ಯಾಕ್ ಮಾಡಿದ ಬಾಕ್ಸಿಗೂ ದೊಡ್ಡ ವ್ಯತ್ಯಾಸ ಉಂಟು, ಎರಡನೇದರಲ್ಲಿ ನೀವು ಪಸೆಯನ್ನೇ ಒಳಗೆ ಹಾಕಿ ಸೀಲ್ ಮಾಡಿದ ಹಾಗೆ. ಒಳಗೆ ಒಂದು ಸಣ್ಣ ಹೈಗ್ರೋಮೀಟರ್ ಇಡಿ, ಡಿಜಿಟಲ್‌ದು ಕಮ್ಮಿ ಕ್ರಯಕ್ಕೆ ಸಿಗ್ತದೆ, 40ರಿಂದ 50ರ ಒಳಗೆ ತೋರಿಸಿದ್ರೆ ಆರಾಮ, 60ಕ್ಕೆ ಹೋದ್ರೆ ಜೆಲ್ ಬದಲಿಸ್ಬೇಕು. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ನೀಲಿಯದ್ದು ಪಸೆ ಕುಡಿದಾಗ ಗುಲಾಬಿ ಆಗ್ತದೆ, ಆದ್ರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಉಂಟು, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದೇ ಒಳ್ಳೇದು. ಓವನಲ್ಲಿ 110-120 ಡಿಗ್ರಿಯಲ್ಲಿ ಬಿಸಿ ಮಾಡಿದ್ರೆ ಪುನಃ ಉಪಯೋಗಕ್ಕೆ ಬರ್ತದೆ, ಅಡಿಗೆ ಮಾಡುವ ಪಾತ್ರೆಯಲ್ಲಿ ಮಾತ್ರ ಮಾಡ್ಬೇಡಿ.

ಬಾಕ್ಸಿನ ಒಳಗೆ ಹಾಕುವ ರೀತಿಗೂ ಲೆಕ್ಕ ಉಂಟು. ಬೋರ್ಡುಗಳನ್ನು ಆಂಟಿಸ್ಟ್ಯಾಟಿಕ್ ಕವರಲ್ಲಿ, ಒಂದರ ಮೇಲೆ ಒಂದು ಭಾರ ಬೀಳದ ಹಾಗೆ. ಪೇಪರ್ ಸುತ್ತಿ ಇಡುದು ಬೇಡ, ಪೇಪರ್ ಪಸೆ ಎಳೀತದೆ. ಹಳೇ ಸ್ಪಂಜು, ಫೋಮ್ ಬೇಡವೇ ಬೇಡ, ಕೆಲವು ವರ್ಷದಲ್ಲಿ ಅದು ಕರಗಿ ಅಂಟಾಗಿ ಚಿಪ್ಪಿನ ಕಾಲುಗಳಿಗೆ ಮೆತ್ತಿಕೊಳ್ತದೆ. ಮತ್ತೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ, ಕೀಬೋರ್ಡಿನ ಅಥವಾ ಜಾಯ್‌ಸ್ಟಿಕ್ಕಿನ ವಯರನ್ನು ಮೆಷಿನಿನ ಪ್ಲಾಸ್ಟಿಕ್ ಮೈಗೆ ಸುತ್ತಿ ಇಡ್ಬೇಡಿ. ಪಿವಿಸಿ ವಯರನ್ನು ಮೆತ್ತಗೆ ಇಡ್ಲಿಕ್ಕೆ ಹಾಕಿದ ಎಣ್ಣೆಯಂತಹ ವಸ್ತು ನಿಧಾನಕ್ಕೆ ಹೊರಗೆ ಬಂದು ಕೇಸಿನ ಪ್ಲಾಸ್ಟಿಕನ್ನೇ ತಿಂದು ಗೆರೆ ಹಾಕ್ತದೆ, ನಮ್ಮ ಸೆಖೆಗೆ ಅದು ಇನ್ನೂ ಬೇಗ. ವಯರಿಗೆ ಬೇರೆ ಕವರ್.

ಕ್ಯಾಮೆರಾದವರು ಲೆನ್ಸ್ ಇಡುವ ಡ್ರೈ ಕ್ಯಾಬಿನೆಟ್ ಇದಕ್ಕಿಂತ ಒಳ್ಳೇದೇ, ಕರೆಂಟಲ್ಲಿ ಓಡ್ತದೆ, ನೀವು ಸೆಟ್ ಮಾಡಿದ ತೇವಾಂಶದಲ್ಲಿ ನಿಲ್ತದೆ, ಆದ್ರೆ ಸೈಜ್ ಸಣ್ಣದು, ಟವರ್ ಕ್ಯಾಬಿನೆಟ್ ಹಿಡಿಯುದಿಲ್ಲ, ಕ್ರಯ ಹೆಚ್ಚು. ಫ್ಲಾಪಿ, ಚಿಪ್ಪು, ಸೌಂಡ್ ಕಾರ್ಡ್ ಇಂಥದ್ದಕ್ಕೆ ಸರಿ. ಒಂದು ರೂಮನ್ನೇ ಡಿಹ್ಯೂಮಿಡಿಫೈಯರ್ ಹಾಕಿ ಒಣಗಿಸುದು ಸಂಗ್ರಹ ದೊಡ್ಡದಾದ ಮೇಲಿನ ಮಾತು, ಕಿಟಕಿ ಬಾಗಿಲಿನ ಸಂದು ಮುಚ್ಚದೆ ಹಂಚಿನ ಮನೆಯಲ್ಲಿ ಅದನ್ನು ಓಡಿಸಿದ್ರೆ ಹೊರಗಿನ ಮಳೆಯನ್ನೇ ಒಣಗಿಸ್ಲಿಕ್ಕೆ ನೋಡಿದ ಹಾಗೆ, ಕರೆಂಟ್ ಬಿಲ್ ಮಾತ್ರ ಬರ್ತದೆ. ಕುಂಬಳೆ, ಮಂಜೇಶ್ವರ, ಉಪ್ಪಳದ ಹಾಗೆ ಕಡಲ ಹತ್ತಿರ ಇರುವವರಿಗೆ ಉಪ್ಪಿನ ಗಾಳಿಯೂ ಸೇರ್ತದೆ, ಕಾರ್ಡಿನ ಕಾಂಟ್ಯಾಕ್ಟಿನಲ್ಲಿ ಹಸಿರು ಕಟ್ಟುದು ಅಲ್ಲಿ ಬೇಗ, ಪೆರ್ಲ, ಮುಳ್ಳೇರಿಯ ಕಡೆ ಉಪ್ಪು ಇಲ್ಲ ಆದ್ರೆ ತೋಟದ ನಡುವಿನ ಮನೆಗಳಲ್ಲಿ ಬೂಷ್ಟು ಜಾಸ್ತಿ. ಕಡಲ ಬದಿಯವರು ಬಾಕ್ಸಿನಿಂದ ಹೊರಗೆ ಇಡುವ ಮೆಷಿನ್ ಆದಷ್ಟು ಕಮ್ಮಿ ಇಡುದು ಒಳ್ಳೇದು.

ನಿಜವಾದ ಮೆಷಿನ್ ಬೇಕೇ ಬೇಕಾ

ಇದನ್ನು ಚಿಕ್ಕದಾಗಿ ಮುಗಿಸ್ತೇನೆ. ಹಳೇ ಆಟ ಆಡುದು, ಹಳೇ ಪ್ರೋಗ್ರಾಂ ನೋಡುದು ಇಷ್ಟೇ ಆಸೆ ಆದ್ರೆ ಡಾಸ್‌ಬಾಕ್ಸ್, 86ಬಾಕ್ಸ್ ಇಂಥ ಎಮ್ಯುಲೇಟರ್ (ಈಗಿನ ಕಂಪ್ಯೂಟರಲ್ಲೇ ಹಳೇ ಮೆಷಿನಿನ ಹಾಗೆ ನಡ್ಕೊಳ್ಳುವ ಪ್ರೋಗ್ರಾಂ) ಸಾಕು, ಒಂದು ಪೈಸೆ ಖರ್ಚಿಲ್ಲ, ಮಳೆಗೆ ಹೆದರಬೇಕಾಗಿಲ್ಲ. ಹಳೇ ಚಿಪ್ಪಿನ ಸರ್ಕ್ಯೂಟನ್ನೇ ಪುನಃ ಕಟ್ಟಿ ತೋರಿಸುವ ಮಿಸ್ಟರ್ ಅಂತ ಒಂದು ವ್ಯವಸ್ಥೆ ಉಂಟು, ಡಿಇ10-ನ್ಯಾನೋ ಬೋರ್ಡ್ ಮೇಲೆ ಓಡುದು, ಅದು ನಡುವಿನ ದಾರಿ. ನಿಜವಾದ ಮೆಷಿನ್ ಬೇಕಾಗುದು ಯಾರಿಗೆ ಅಂದ್ರೆ, ಸೋಲ್ಡರಿಂಗ್ ಐರನ್ ಹಿಡಿಯುದರಲ್ಲಿ ಖುಷಿ ಇರುವವರಿಗೆ, ಮತ್ತೆ ನಮ್ಮದೇ ಭಾಷೆಯ ಹಳೇ ಕೆಲಸವನ್ನು ಹೊರಗೆ ತೆಗೀಬೇಕು ಅಂತ ಇರುವವರಿಗೆ. ಹಿಂದಿನ ಡಿಟಿಪಿ ಸಾಫ್ಟ್‌ವೇರ್ ಹೆಚ್ಚಿನದ್ದಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಲಾಕ್ ಇತ್ತು, ಅದಿಲ್ಲದೆ ಸಾಫ್ಟ್‌ವೇರ್ ಓಡುದಿಲ್ಲ, ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಅಂತ ಇತ್ತು, ಅದನ್ನು ಕಂಪ್ಯೂಟರ್ ಒಳಗೆ ಹಾಕಿದ್ರೆ ಡಾಸಲ್ಲೇ ಕನ್ನಡ, ಹಿಂದಿ, ಮಲಯಾಳ ಎಲ್ಲ ಸ್ಕ್ರೀನಿಗೆ ಬರ್ತಿತ್ತು, ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕಿಗೆ ಬಂದ ಕೆಲಸ ಅದು. ಕೈಯಲ್ಲಿರುವ ಅಂಥ ಕಾರ್ಡನ್ನು ಎಮ್ಯುಲೇಟರ್ ಒಳಗೆ ಸಿಕ್ಕಿಸ್ಲಿಕ್ಕೆ ಆಗುದಿಲ್ಲ, ಅದಕ್ಕೆ ಐಎಸ್‌ಎ ಸ್ಲಾಟ್ (ಹಳೇ ಕಾರ್ಡ್ ಸಿಕ್ಕಿಸುವ ಉದ್ದ ಸಂದು) ಇರುವ ಬೋರ್ಡೇ ಬೇಕು.

ಯಾವ ಮೆಷಿನ್

ನಮ್ಮ ಕಡೆ ಸಿಗ್ಲಿಕ್ಕೆ ಸಾಧ್ಯ ಇರುವುದನ್ನು ಮಾತ್ರ ಹೋಲಿಸ್ತೇನೆ, ಅಮಿಗಾ, ಹಳೇ ಮ್ಯಾಕಿಂತೋಶ್ ಎಲ್ಲ ಹೊರದೇಶದಿಂದ ತರಿಸುದಾದ್ರೆ ಕ್ರಯವೂ ಪೋಸ್ಟೇಜೂ ಸೇರಿ ಹೊಸಬರಿಗೆ ಭಾರ, ಅದೂ ಅಲ್ಲದೆ 1990ರ ಆಸುಪಾಸಿನ ಆ ಮೆಷಿನುಗಳಲ್ಲಿ ಬೋರ್ಡಿನ ಮೇಲ್ಮೈಗೇ ಬೆಸೆದ ಸಣ್ಣ ಸರ್ಫೇಸ್ ಮೌಂಟ್ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ) ಎಲ್ಲ ಸೋರಿರ್ತದೆ.

ಎಂಟು ಬಿಟ್ಟಿನ ಹೋಮ್ ಕಂಪ್ಯೂಟರುಗಳಲ್ಲಿ ಭಾರತಕ್ಕೆ ಹತ್ತಿರದ್ದು ಎರಡು. 1981ರ ಬಿಬಿಸಿ ಮೈಕ್ರೊ, ಏಕಾರ್ನ್ ಕಂಪೆನಿಯದ್ದು, 6502 ಪ್ರೊಸೆಸರ್, ಬಿ ಮಾಡೆಲಲ್ಲಿ 32 ಕೆಬಿ ಮೆಮೊರಿ. 1984ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕ್ಲಾಸ್ ಅನ್ನುವ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ಇನ್ನೊಂದು 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್, ಝಡ್80 ಪ್ರೊಸೆಸರ್, ಅದರ ಪ್ಲಸ್ ಮಾಡೆಲನ್ನು ಡೆಸಿಬೆಲ್ಸ್ ಅನ್ನುವ ಕಂಪೆನಿ ಭಾರತದಲ್ಲೇ ಮಾಡಿ ಮಾರಿತ್ತು. ಎರಡೂ ಬ್ರಿಟಿಷ್ ಮೂಲದ್ದಾದ್ದರಿಂದ ಪಾಲ್ ಟಿವಿ (ಭಾರತದಲ್ಲೂ ಇದೇ ಪದ್ಧತಿ), 50 ಹರ್ಟ್ಸ್, 230-240 ವೋಲ್ಟ್ ಲೆಕ್ಕಕ್ಕೇ ಮಾಡಿದ್ದು, ನಮ್ಮ ಪ್ಲಗ್ಗಿಗೆ ಟ್ರಾನ್ಸ್‌ಫಾರ್ಮರ್ ಬೇಡ. ನಮ್ಮ ಜಿಲ್ಲೆಗೆ ವಿಶೇಷ ಅಂತ ಮೂರನೇದು ಒಂದನ್ನು ಸೇರಿಸ್ತೇನೆ, ಸಖ್ರ್ ಅಂತ ಅರೇಬಿಕ್ ಕೀಬೋರ್ಡಿನ ಎಂಎಸ್‌ಎಕ್ಸ್ (ಹಲವು ಕಂಪೆನಿಗಳು ಒಂದೇ ಮಾದರಿಯಲ್ಲಿ ಮಾಡಿದ) ಕಂಪ್ಯೂಟರ್, ಕುವೈತಿನ ಅಲ್ ಆಲಮಿಯಾ ಕಂಪೆನಿಯವರು ಗಲ್ಫಿನಲ್ಲೆಲ್ಲ ಮಾರಿದ್ದು. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಗಲ್ಫಿಗೆ ಯಾರೂ ಹೋಗದ ಊರೇ ಕಮ್ಮಿ, ಟೇಪ್ ರೆಕಾರ್ಡರ್, ವಿಸಿಆರ್ ಜೊತೆ ಇದೂ ಬಂದಿರ್ಲಿಕ್ಕೆ ಸಾಕು, ಕೇಳಿ ನೋಡಿ. ಮನೆಯವರಿಗೆ ಅದು "ಟಿವಿಗೆ ಹಾಕುವ ಗೇಮ್" ಅಂತ ಮಾತ್ರ ನೆನಪಿರುದು, ಹಾಗಾಗಿ ಕಂಪ್ಯೂಟರ್ ಉಂಟಾ ಅಂತ ಕೇಳಿದ್ರೆ ಇಲ್ಲ ಅಂತಾರೆ, ಗೇಮ್ ಅಂತ ಕೇಳ್ಬೇಕು.

ಈ ಜಾತಿಯ ಒಳ್ಳೇ ಗುಣ ಎಂತ ಅಂದ್ರೆ ಸಣ್ಣದು, ಒಂದು ಬಾಕ್ಸಿನಲ್ಲಿ ಇಡೀ ಮೆಷಿನ್ ಹೋಗ್ತದೆ, ಮಳೆಗಾಲಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಚಿಪ್ಪು ದೊಡ್ಡದು, ಕಾಲುಗಳ ನಡುವೆ ಜಾಗ ಧಾರಾಳ, ಸೋಲ್ಡರಿಂಗ್ ಕಲೀಲಿಕ್ಕೆ ಸರಿ. ಸ್ಪೆಕ್ಟ್ರಮ್‌ಗಾದ್ರೆ ಕ್ಯಾಸೆಟ್ ಕೂಡ ಬೇಡ, ಮೊಬೈಲಿನ ಹೆಡ್‌ಫೋನ್ ತೂತಿನಿಂದ ಆಡಿಯೋ ಕೊಟ್ರೆ ಪ್ರೋಗ್ರಾಂ ಲೋಡ್ ಆಗ್ತದೆ. ಕಷ್ಟ ಎಲ್ಲಿ ಅಂದ್ರೆ ಸಿಗುದರಲ್ಲಿ, ಮತ್ತೆ ಬಿಬಿಸಿ ಮೈಕ್ರೊದ ಪವರ್ ಸಪ್ಲೈಯಲ್ಲಿ. ಅದರೊಳಗೆ ರಿಫಾ ಅಂತ ಹೆಸರಿರುವ, ಜೇನಿನ ಬಣ್ಣದ ಪಾರದರ್ಶಕ ಕೆಪಾಸಿಟರ್ ಇರ್ತದೆ, ಪೇಪರ್‌ನ ಪದರ ಒಳಗೆ, ಹೊರಗೆ ಎಪಾಕ್ಸಿ. ವರ್ಷ ಹೋದ ಹಾಗೆ ಎಪಾಕ್ಸಿ ಬಿರುಕು ಬಿಟ್ಟು ಪೇಪರ್ ಪಸೆ ಕುಡೀತದೆ, ಆಮೇಲೆ ಕರೆಂಟ್ ಕೊಟ್ರೆ ಪಟ್ ಅಂತ ಒಡೆದು ಮನೆ ತುಂಬ ಹೊಗೆ. ಒಣ ದೇಶದಲ್ಲೇ ಇದು ಸಾಮಾನ್ಯ, ನಮ್ಮಲ್ಲಿ ಅದು ಸರಿ ಇರ್ಬಹುದು ಅಂತ ಎಣಿಸ್ಲೇ ಬಾರದು. ಕರೆಂಟ್ ಕೊಡುವ ಮೊದಲು ಅದನ್ನು ತೆಗೆದು, ಮನೆಯ ಕರೆಂಟಿನ ಲೈನಿಗೆಂದೇ ಮಾಡಿದ ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್ ಹಾಕಿ.

286, 386, 486 ಪ್ರೊಸೆಸರಿನ ಹಳೇ ಪಿಸಿಗಳು ಹೊರಗೆ ನೋಡ್ಲಿಕ್ಕೆ ಗಟ್ಟಿ, ಒಳಗೆ ಒಂದು ಕಳ್ಳ ಕೂತಿರ್ತಾನೆ. ಮದರ್‌ಬೋರ್ಡಿನ ಮೇಲೆ ಕೀಬೋರ್ಡ್ ಕನೆಕ್ಟರಿನ ಹತ್ತಿರ ನೀಲಿಯೋ ಹಸಿರೋ ಬಣ್ಣದ ಉರುಟು ಬ್ಯಾಟರಿ, 3.6 ವೋಲ್ಟಿನ ನಿಕೆಲ್ ಕ್ಯಾಡ್ಮಿಯಂ. ಮೆಷಿನ್ ವರ್ಷಗಟ್ಟಲೆ ಆಫ್ ಇದ್ರೆ ಅದು ಸೋರ್ತದೆ, ಸೋರಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳ ಒಳಗೇ ಹರಿದು ಕೀಬೋರ್ಡ್ ಕಂಟ್ರೋಲರ್, ಐಎಸ್‌ಎ ಸ್ಲಾಟ್ ಎಲ್ಲ ತಿಂತದೆ, ಪಸೆ ಇರುವಲ್ಲಿ ಕೇಳುದೇ ಬೇಡ. ಹಾಗಾಗಿ ಈ ಕಾಲದ ಮೆಷಿನ್ ತಗೊಳ್ಳುವಾಗ ಓಡ್ತದಾ ಅಂತ ನೋಡುವ ಮೊದಲು ಮುಚ್ಚಳ ತೆಗೆದು ಆ ಮೂಲೆ ನೋಡಿ. ಹಸಿರು ಪುಡಿ ಬ್ಯಾಟರಿಯ ಕಾಲಲ್ಲಿ ಮಾತ್ರ ಇದ್ರೆ ಉಳಿಸ್ಲಿಕ್ಕೆ ಆಗ್ತದೆ, ಸ್ಲಾಟಿನ ವರೆಗೆ ಹೋಗಿದ್ರೆ ಹೊಸಬರು ಬಿಟ್ಟುಬಿಡಿ, ಎಷ್ಟೇ ಕಮ್ಮಿಗೆ ಕೊಟ್ರೂ. ಸಿಗುವ ಜಾಗ ಹಳೇ ಪ್ರಿಂಟಿಂಗ್ ಪ್ರೆಸ್, ಡಿಟಿಪಿ ಸೆಂಟರ್, ಮುಚ್ಚಿ ಹೋದ ಕಂಪ್ಯೂಟರ್ ಕ್ಲಾಸು, ಸಹಕಾರಿ ಸಂಘದ ಗೋಡೌನ್. ಗುಜರಿಯವರ ಕೈಗೆ ಹೋದ ಮೇಲೆ ತಡ ಆಗ್ತದೆ, 486 ಮತ್ತೆ ಮೊದಲ ಪೆಂಟಿಯಂನ ಸೆರಾಮಿಕ್ ಚಿಪ್ಪಿನಲ್ಲಿ ಚಿನ್ನ ಉಂಟು ಅಂತ ಅವರಿಗೆ ಗೊತ್ತುಂಟು, ಅದನ್ನು ಕಿತ್ತು ಬೇರೆ ಮಾರ್ತಾರೆ, ಬೋರ್ಡು ಕಿಲೋ ಲೆಕ್ಕದಲ್ಲಿ ಹೋಗ್ತದೆ.

ನನ್ನ ಕೇಳಿದ್ರೆ ಹೊಸಬರಿಗೆ ಸರಿ ಆಗುದು ಪೆಂಟಿಯಂ, ಪೆಂಟಿಯಂ ಎಂಎಂಎಕ್ಸ್, ಪೆಂಟಿಯಂ 2 ಈ ಸಾಲಿನದ್ದು, ಅಂದ್ರೆ 1990ರ ದಶಕದ ನಡುವಿನಿಂದ ಕೊನೆಯವರೆಗಿನದ್ದು. ಕಾರಣ ಹೇಳ್ತೇನೆ. ಈ ಬೋರ್ಡುಗಳಲ್ಲಿ ಹೆಚ್ಚಿನದಕ್ಕೆ ಸೋರುವ ಉರುಟು ಬ್ಯಾಟರಿ ಇಲ್ಲ, ಸಿಆರ್2032 ಬಿಲ್ಲೆ ಬ್ಯಾಟರಿ, ಪೇಟೆಯಲ್ಲಿ ವಾಚ್ ಅಂಗಡಿಯಲ್ಲೂ ಸಿಗ್ತದೆ. ಐಎಸ್‌ಎ ಸ್ಲಾಟೂ ಉಂಟು ಅದರ ನಂತರ ಬಂದ ಪಿಸಿಐ ಸ್ಲಾಟೂ ಉಂಟು, ಹಾಗಾಗಿ ಒಂದೇ ಮೆಷಿನಲ್ಲಿ ಡಾಸ್ ಕಾಲದ ಕಾರ್ಡೂ ಹಾಕ್ಬಹುದು, ವಿಂಡೋಸ್ 98ನ್ನೂ ಓಡಿಸ್ಬಹುದು. ಕನ್ನಡದ ದೃಷ್ಟಿಯಿಂದ ಇದು ದೊಡ್ಡ ವಿಷಯ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಡಾಸ್ ಕಾಲದಲ್ಲಿ ಮಾಡಿದ ಸೇಡಿಯಾಪು ತಂತ್ರಾಂಶವಾಗ್ಲಿ, 1998ರಲ್ಲಿ ಬಂದ "ಬರಹ" ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಮೊದಲ ಆವೃತ್ತಿಯಾಗ್ಲಿ ಎರಡನ್ನೂ ಅದರದ್ದೇ ಕಾಲದ ಪರದೆಯಲ್ಲಿ ನೋಡ್ಲಿಕ್ಕೆ ಇಂಥ ಒಂದು ಮೆಷಿನ್ ಸಾಕು. ನಾವು ಇವತ್ತು ಫೋನಲ್ಲಿ ಕನ್ನಡ ಟೈಪ್ ಮಾಡುದರ ಹಿಂದೆ ಅವರ ಕೀಲಿಮಣೆಯ ಕೆಲಸ ಎಷ್ಟು ಉಂಟು ಅಂತ ಕೈಯಲ್ಲಿ ಮುಟ್ಟಿ ನೋಡ್ಬೇಕಾದ್ದು. ಕ್ರಯ ಕೂಡ ಇನ್ನೂ ಮಿತಿಯಲ್ಲೇ ಉಂಟು, ಯಾಕಂದ್ರೆ ಮಾರುವವರು ಇದನ್ನು "ವಿಂಟೇಜ್" ಅಂತ ಎಣಿಸ್ಲಿಕ್ಕೆ ಇನ್ನೂ ಶುರು ಮಾಡ್ಲಿಲ್ಲ. ಕೊರತೆ ಒಂದೇ, ಜಾಗ. ಟವರ್, ಮಾನಿಟರ್, ಕೀಬೋರ್ಡ್ ಸೇರಿ ಒಂದು ಮೇಜು ಬೇಕು. ಮನೆಯಲ್ಲಿ ಜಾಗ ಇಲ್ಲದಿದ್ರೆ ಕ್ಯಾಬಿನೆಟ್ ಹೊರಗೆ ಬಿಟ್ಟು ಬೋರ್ಡು, ಕಾರ್ಡು, ಡ್ರೈವು ಮಾತ್ರ ಬಿಚ್ಚಿ ಮಳೆಗಾಲದಲ್ಲಿ ಬಾಕ್ಸಿಗೆ ಹಾಕಿ.

ಪೆಂಟಿಯಂ 4 ಬಗ್ಗೆ ಕೇಳುವವರು ಉಂಟು, ಯಾಕಂದ್ರೆ ನಮ್ಮ ಶಾಲೆಗಳಲ್ಲಿ ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾದ ಮೇಲೆ ಬಂದ ಮೆಷಿನ್‌ಗಳ ನೆನಪು ಅವರಿಗೆ. ನೆನಪಿಗೆ ಒಂದು ಇಟ್ಕೊಳ್ಳಿ, ಅಡ್ಡಿ ಇಲ್ಲ. ಆದ್ರೆ ಅದು ಬೋರ್ಡುಗಳಲ್ಲಿ ಕೆಟ್ಟ ಕೆಪಾಸಿಟರ್ ಬಂದ ಕಾಲ, ಪ್ರೊಸೆಸರ್ ಸುತ್ತ ಇರುವ ಕೆಪಾಸಿಟರ್‌ಗಳ ತಲೆ ಉಬ್ಬಿದ್ಯಾ ನೋಡಿ, ಉಬ್ಬಿದ್ರೆ ಸಾಲು ಸಾಲಾಗಿ ಬದಲಿಸ್ಬೇಕು, ಅಡಿಯ ತಾಮ್ರದ ಪದರ ದಪ್ಪ ಇರುದರಿಂದ ಸಣ್ಣ ಐರನ್‌ನ ಬಿಸಿ ಸಾಕಾಗುದಿಲ್ಲ, ಕಲಿಯುವವರಿಗೆ ಬೇಜಾರು ಬರ್ತದೆ.

ಹಳೇ ಲ್ಯಾಪ್‌ಟಾಪ್ ನೋಡ್ಲಿಕ್ಕೆ ಆಸೆ ಆಗ್ತದೆ, ಜಾಗ ಕಮ್ಮಿ, ಪರದೆಯೂ ಕೂಡಿಯೇ ಉಂಟು. ನಾನು ಇದನ್ನು ಕೊನೆಗೆ ಇಡುದು. ಬ್ಯಾಟರಿ ಪ್ಯಾಕ್ ಸತ್ತಿರ್ತದೆ, ಒಳಗೆ ಇನ್ನೊಂದು ಸಣ್ಣ ಬ್ಯಾಟರಿ ಬೋರ್ಡಿನ ಮೇಲೆ ಸೋರಿರ್ತದೆ, ಹಿಂಜು ಒಡೆದಿರ್ತದೆ, ಪರದೆಯ ಪೋಲರೈಸರ್ ಹಾಳಾಗಿ ವಿನೆಗರ್ ವಾಸನೆ ಬರ್ತದೆ, ಮತ್ತೆ ಒಂದು ಮಾಡೆಲಿನ ಪಾರ್ಟು ಇನ್ನೊಂದಕ್ಕೆ ಆಗುದಿಲ್ಲ. ಎರಡು ಒಂದೇ ಮಾಡೆಲ್ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಧೈರ್ಯ ಮಾಡಿ.

ರಿಪೇರಿಯಲ್ಲಿ ಯಾವುದು ಉಳಿಸುದು ಯಾವುದು ಬದಲಿಸುದು

ಬ್ಯಾಟರಿಯಲ್ಲಿ ಆಯ್ಕೆ ಇಲ್ಲ, ಉರುಟು ಬ್ಯಾಟರಿ ಸೋರಿದ್ರೂ ಸೋರದಿದ್ರೂ ಮೆಷಿನ್ ಮನೆಗೆ ಬಂದ ದಿನವೇ ಕತ್ತರಿಸಿ ತೆಗೀಬೇಕು. ಸೋರಿದ್ದಕ್ಕೆ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಕ್ಷಾರ ತಟಸ್ಥ ಆಗ್ತದೆ, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್, ಚೆನ್ನಾಗಿ ಒಣಗ್ಲಿ. ಅದರ ಬದಲಿಗೆ ಎರಡು ದಾರಿ. ಬೋರ್ಡಿನಲ್ಲಿ ಹೊರಗಿನ ಬ್ಯಾಟರಿಗೆ ಅಂತ ನಾಲ್ಕು ಪಿನ್ನಿನ ಜಾಗ ಇದ್ರೆ ಮೂರು ಸೆಲ್ಲಿನ ಹೋಲ್ಡರನ್ನು ವಯರ್ ಎಳೆದು ಬೋರ್ಡಿನಿಂದ ದೂರ ಇಡುದು, ಇದು ಸುಲಭ, ಆದ್ರೆ ಆ ಸೆಲ್ಲೂ ಮಳೆಗಾಲದಲ್ಲಿ ಸೋರ್ತದೆ ಅಂತ ನೆನಪಿರ್ಲಿ. ಇನ್ನೊಂದು, ಸಿಆರ್2032 ಹೋಲ್ಡರ್ ಹಾಕಿ ಸಾಲಲ್ಲಿ ಒಂದು ಡಯೋಡ್ ಕೊಡುದು, ಡಯೋಡ್ ಇಲ್ಲದಿದ್ರೆ ಹಳೇ ಸರ್ಕ್ಯೂಟ್ ಬಿಲ್ಲೆ ಬ್ಯಾಟರಿಯನ್ನು ಚಾರ್ಜ್ ಮಾಡ್ಲಿಕ್ಕೆ ಹೋಗ್ತದೆ, ಅದು ಅಪಾಯ. ನನಗೆ ಎರಡನೇದೇ ಹಿಡಿಸುದು. ಕೆಲವು ಬೋರ್ಡಲ್ಲಿ ಡಲ್ಲಾಸ್ ಅಂತ ಬರೆದ ಕಪ್ಪು ಇಟ್ಟಿಗೆಯ ಹಾಗಿನ ಚಿಪ್ಪು ಇರ್ತದೆ, ಅದರ ಒಳಗೇ ಬ್ಯಾಟರಿ, ಅದು ಸೋರಿ ಬೋರ್ಡ್ ಹಾಳು ಮಾಡುದಿಲ್ಲ, ಸತ್ತು ಹೋಗ್ತದೆ ಅಷ್ಟೇ, ಹೊಸ ಬದಲಿ ಮಾಡ್ಯೂಲ್ ಆನ್‌ಲೈನಲ್ಲಿ ಸಿಗ್ತದೆ.

ಕೆಪಾಸಿಟರ್ ವಿಷಯದಲ್ಲಿ ಎಲ್ಲವನ್ನೂ ಬದಲಿಸಿ ಅನ್ನುವವರು ಉಂಟು, ಮುಟ್ಟಲೇಬೇಡಿ ಅನ್ನುವವರೂ ಉಂಟು. ನಾನು ನಡುವೆ ನಿಲ್ಲುದು: ಪವರ್ ಸಪ್ಲೈಯದ್ದು ಮತ್ತು ರಿಫಾ ಜಾತಿಯದ್ದು ಖಂಡಿತ ಬದಲಿಸಿ, ಬೋರ್ಡಿನದ್ದು ಉಬ್ಬಿದ್ರೆ ಅಥವಾ ಸೋರಿದ್ರೆ ಮಾತ್ರ. ಕಲಿಯುವ ಕೈಯಲ್ಲಿ ಒಳ್ಳೇ ಬೋರ್ಡಿನ ಗೆರೆ ಏಳುವ ಸಾಧ್ಯತೆ, ಒಳ್ಳೇ ಕೆಪಾಸಿಟರ್ ಕೆಡುವ ಸಾಧ್ಯತೆಗಿಂತ ಜಾಸ್ತಿ. ಪಾರ್ಟಿಗೆ ಮಂಗಳೂರಿನ ಸ್ಪೇರ್ ಅಂಗಡಿಗಳು ಹತ್ತಿರ, ಅಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಅಥವಾ ಆನ್‌ಲೈನ್. ಎಟಿ ಅನ್ನುವ ಹಳೇ ಮಾದರಿಯ ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವ ಎರಡು ಕನೆಕ್ಟರ್ ಹಾಕುವಾಗ ಕಪ್ಪು ವಯರುಗಳು ನಡುವೆ ಒಟ್ಟಿಗೆ ಬರ್ಬೇಕು, ತಿರುಗಿಸಿ ಹಾಕಿದ್ರೆ ಬೋರ್ಡ್ ಹೋಗ್ತದೆ. ಸಪ್ಲೈಯ ಹಿಂದಿನ ಕೆಂಪು ಸ್ವಿಚ್ 230ರಲ್ಲಿ ಉಂಟಾ ಅಂತಲೂ ನೋಡಿ, ಅಮೇರಿಕದಿಂದ ಬಂದದ್ದು 115ರಲ್ಲಿ ಇರ್ತದೆ.

ಹಾರ್ಡ್‌ಡಿಸ್ಕ್ ಹಳೇದನ್ನೇ ಓಡಿಸುದಾ, ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕುದಾ? ದಿನನಿತ್ಯಕ್ಕೆ ಕಾರ್ಡೇ ಹಾಕಿ. ಈ ಸಿಎಫ್ ಕಾರ್ಡ್ ಹಳೇ ಹಾರ್ಡ್‌ಡಿಸ್ಕಿನ ಐಡಿಇ ಭಾಷೆಯನ್ನೇ ಮಾತಾಡ್ತದೆ, ಒಂದು ಸಾದಾ ಅಡಾಪ್ಟರ್ ಸಾಕು, ತಿರುಗುವ ಭಾಗ ಇಲ್ಲ. 486 ಮತ್ತು ಅದಕ್ಕಿಂತ ಹಿಂದಿನ ಬೋರ್ಡಿನಲ್ಲಿ ಆನ್ ಮಾಡಿದ ಕೂಡ್ಲೇ ಓಡುವ ಬಯಾಸ್‌ಗಳು ಸಾಮಾನ್ಯವಾಗಿ 504 ಎಂಬಿಗಿಂತ ಹೆಚ್ಚು ನೋಡುದಿಲ್ಲ, ಹಾಗಾಗಿ ಸಣ್ಣ ಕಾರ್ಡ್ ಹುಡುಕಿ, ಇಲ್ಲದಿದ್ರೆ ಎಕ್ಸ್‌ಟಿ-ಐಡಿಇ ಬಯಾಸ್ ಹಾಕಿದ ರೋಮ್ ಚಿಪ್ಪು ಬೇಕು. ಹಳೇ ಡಿಸ್ಕನ್ನು ಬಿಸಾಡ್ಬೇಡಿ, ಅದರೊಳಗಿನದ್ದನ್ನು ಪೂರ್ತಿ ಕಾಪಿ ಮಾಡಿ ಇಟ್ಟ ಮೇಲೆ ಬಾಕ್ಸಿಗೆ.

ಪರದೆಗೆ ಬಂದ್ರೆ, ಸಿಆರ್‌ಟಿಯಲ್ಲಿ ಹಳೇ ಅಕ್ಷರ ಕಾಣುವ ಚಂದ ಎಲ್‌ಸಿಡಿಯಲ್ಲಿ ಬರುದಿಲ್ಲ, ಇದು ಖಂಡಿತ. ಡಾಸಿನ 720×400 ಟೆಕ್ಸ್ಟ್ ಎಲ್‌ಸಿಡಿಯಲ್ಲಿ ಹಿಗ್ಗಿ ಮಸುಕಾಗ್ತದೆ. ಆದ್ರೆ ಸಿಆರ್‌ಟಿಯ ಒಳಗೆ 20 ಸಾವಿರ ವೋಲ್ಟ್ ದಾಟುವ ಭಾಗ ಉಂಟು, ಆಫ್ ಮಾಡಿದ ಮೇಲೂ ಚಾರ್ಜ್ ನಿಲ್ತದೆ, ಅದನ್ನು ಕಲಿಯದೆ ಬಿಚ್ಚಲೇಬಾರದು, ಮಳೆಗಾಲದಲ್ಲಿ ಪಸೆ ಹಿಡಿದ ಸೆಟ್ ಆನ್ ಮಾಡಿದಾಗ ಚರ್‌ರ್ ಅಂತ ಶಬ್ದ ಬಂದ್ರೆ ಕೂಡ್ಲೇ ಆಫ್ ಮಾಡಿ. ದಿನಾ ಉಪಯೋಗಿಸುವ ಕೋಣೆಯಲ್ಲಿ ಜಾಗ ಇರುವವರು ಒಂದು 14 ಅಥವಾ 15 ಇಂಚಿನದ್ದು ಇಟ್ಕೊಳ್ಳಿ, ಗೋಡೌನಿಗೆ ಹಾಕ್ಲಿಕ್ಕೆ ಅಂತ ಸಿಆರ್‌ಟಿ ತರ್ಬೇಡಿ. 1987ರಲ್ಲಿ ವಿಜಿಎ ಅನ್ನುವ ಪರದೆ ಮಾದರಿ ಬಂದ ಮೇಲಿನ 15 ಪಿನ್ನಿನ ಕಾರ್ಡಾದ್ರೆ ಎಲ್‌ಸಿಡಿ ಸೀದಾ ಸೇರ್ತದೆ, ಅದರ ಹಿಂದಿನ 9 ಪಿನ್ನಿನದ್ದಕ್ಕೆ ಸೇರುದಿಲ್ಲ. ಪ್ಲಾಸ್ಟಿಕ್ ಹಳದಿ ಆದದ್ದನ್ನು ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುದು ಒಂದು ಫ್ಯಾಶನ್ ಆಗಿದೆ, ಅದಕ್ಕೆ ಸಮಯ ಹಾಕುವ ಬದಲು ಒಳಗಿನ ಬ್ಯಾಟರಿ ನೋಡಿ ಅಂತ ನನ್ನ ಅಭಿಪ್ರಾಯ.

ಕರೆಂಟಿನ ವಿಷಯ. ಏಪ್ರಿಲ್ ಮೇ ತಿಂಗಳ ಸಿಡಿಲಿಗೂ ಅಕ್ಟೋಬರ್ ನಂತರದ ಸಂಜೆ ಸಿಡಿಲಿಗೂ ಪ್ಲಗ್ ತೆಗೆದಿಡುದೇ ಮದ್ದು, ಸ್ವಿಚ್ ಆಫ್ ಮಾಡಿದ್ರೆ ಸಾಲದು. ಹಳೇ ಟ್ರಾನ್ಸ್‌ಫಾರ್ಮರ್ ಇರುವ ಮೆಷಿನನ್ನು ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಓಡಿಸ್ಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಬಿಸಿ ಆಗ್ತದೆ. ಹೊರಗೆ ಇಟ್ಟ ಮೆಷಿನನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದ್ರೂ ಸ್ವಲ್ಪ ಹೊತ್ತು ಓಡಿಸಿ, ಒಳಗಿನ ಬಿಸಿಗೆ ಪಸೆ ಹೋಗ್ತದೆ.

ಕೊನೆಗೆ ಫ್ಲಾಪಿ, ಇದರಲ್ಲಿ ಆಯ್ಕೆ ತಪ್ಪಿದ್ರೆ ಪುನಃ ಸಿಗುದಿಲ್ಲ. ಗೋಟೆಕ್ ಅಂತ ಒಂದು ಸಾಧನ ಉಂಟು, ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂತು ಪೆನ್‌ಡ್ರೈವನ್ನೇ ಫ್ಲಾಪಿ ಅಂತ ತೋರಿಸ್ತದೆ, ಫ್ಲಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿದ್ರೆ ಇನ್ನೂ ಒಳ್ಳೇದು, ಸಾಫ್ಟ್‌ವೇರ್ ಹಾಕ್ಲಿಕ್ಕೆ ನಾನು ಅದನ್ನೇ ಹೇಳುದು. ಆದ್ರೆ ಗೋಟೆಕ್ ನಿಮ್ಮ ಊರಿನ ಪ್ರೆಸ್ಸಿನ ಹಳೇ ಫ್ಲಾಪಿಯನ್ನು ಓದುದಿಲ್ಲ. ದೇವಸ್ಥಾನದ ಬ್ರಹ್ಮಕಲಶದ ಸ್ಮರಣಸಂಚಿಕೆ, ಯಾರದ್ದೋ ಕವನ ಸಂಕಲನ, ಯಕ್ಷಗಾನ ಸಂಘದ ಪತ್ರಗಳು ಎಲ್ಲ ಇರುದು ಆ ಫ್ಲಾಪಿಗಳಲ್ಲಿ, ಅದಕ್ಕೆ ನಿಜವಾದ ಡ್ರೈವೇ ಬೇಕು, 5.25 ಇಂಚಿನದ್ದು ಒಂದು, 3.5 ಇಂಚಿನದ್ದು ಒಂದು, ಜೊತೆಗೆ ಗ್ರೀಸ್‌ವೀಸಲ್ ಅನ್ನುವ ಸಣ್ಣ ಬೋರ್ಡ್, ಅದು ಯುಎಸ್‌ಬಿಯಲ್ಲಿ ಈಗಿನ ಕಂಪ್ಯೂಟರಿಗೆ ಸೇರಿ ಫ್ಲಾಪಿಯ ಕಾಂತದ ಗುರುತನ್ನು ಹಾಗೆ ಹಾಗೇ ಫೈಲ್ ಮಾಡಿ ಕೊಡ್ತದೆ. ಹಾಕುವ ಮೊದಲು ಫ್ಲಾಪಿಯ ಕಿಂಡಿಯಲ್ಲಿ ಕಾಣುವ ಕಪ್ಪು ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಬಿಳಿ ಚುಕ್ಕೆ ಕಂಡ್ರೆ ಅದು ಬೂಷ್ಟು, ಹಾಗೇ ಹಾಕಿದ್ರೆ ಡ್ರೈವಿನ ಹೆಡ್ ಅದನ್ನು ಕೆರೆದು ಆ ಫ್ಲಾಪಿಯೂ ಹೋಗ್ತದೆ, ಮುಂದೆ ಹಾಕುವ ಫ್ಲಾಪಿಯೂ ಹೋಗ್ತದೆ. ಮೊದಲು ಐಸೊಪ್ರೊಪೈಲ್ ಅದ್ದಿದ ಕಡ್ಡಿಯಿಂದ ಮೆಲ್ಲ ಒರೆಸಿ ಒಣಗಿಸಿ, ಪ್ರತಿ ಸಲ ಓದಿದ ಮೇಲೆ ಹೆಡ್ಡನ್ನೂ ಒರೆಸಿ. ಓದಿದ ಫೈಲಲ್ಲಿ ಅಕ್ಷರ ಗೊಂದಲವಾಗಿ ಕಂಡ್ರೆ ಡೇಟಾ ಹಾಳಾಗಿದೆ ಅಂತ ಎಣಿಸ್ಬೇಡಿ, ಅದು ಯೂನಿಕೋಡ್ ಮೊದಲಿನ ಇಸ್ಕೀ ಅನ್ನುವ, ಭಾರತೀಯ ಲಿಪಿಗಳ ಹಳೇ ಸಂಕೇತದಲ್ಲೋ ಆ ಕಂಪೆನಿಯ ಸ್ವಂತ ಫಾಂಟಿನ ಸಂಕೇತದಲ್ಲೋ ಇರ್ತದೆ, ಆ ಫಾಂಟ್ ಇರುವ ಹಾರ್ಡ್‌ಡಿಸ್ಕ್ ಮತ್ತು ಪ್ರಿಂಟರ್ ಪೋರ್ಟಿನ ಲಾಕ್ ಎರಡನ್ನೂ ಅದೇ ಪ್ರೆಸ್ಸಿನವರತ್ರ ಕೇಳಿ ಇಸ್ಕೊಳ್ಳಿ, ಮತ್ತೆ ಫ್ಲಾಪಿಯ ಮೇಲೆ ಅವರ ಕೈಬರಹದಲ್ಲಿ ಇರುವ ಲೇಬಲನ್ನು ಫೋಟೋ ತೆಗೆದು ಅದೇ ಫೈಲಿನ ಹೆಸರಲ್ಲಿ ಸೇವ್ ಮಾಡಿ.